ಒಂದೇ ಪ್ಲೇಟಿನಲ್ಲಿ ಇಬ್ಬರ ಸೆಲ್‌ಗಳು

ಮೂರನೇ ದಿನ ಬೆಳಗ್ಗೆ ಇನ್‌ಕ್ಯುಬೇಟರ್‌ನಿಂದ ಪ್ಲೇಟ್ ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟೆ. ಎಡಗಡೆ ವೆಲ್‌ಗಳಲ್ಲಿ, ಅಂದರೆ ಪ್ಲೇಟಿನ ಪುಟ್ಟ ಗುಳಿಗಳಲ್ಲಿ, ಒಬ್ಬ ದಾನಿಯ ಟಿ ಸೆಲ್‌ಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ತಮ್ಮನ್ನು ಎಬ್ಬಿಸಲು ಹಾಕಿದ ಬೀಡ್ ಎಂಬ ಪುಟ್ಟ ಮಣಿಗಳನ್ನು ಮುತ್ತಿಕೊಂಡು ದೊಡ್ಡ ದೊಡ್ಡ ಗುಂಪು ಕಟ್ಟಿದ್ದವು. ಬಲಗಡೆ ಇನ್ನೊಬ್ಬ ದಾನಿಯವು. ಅಲ್ಲೊಂದು ಇಲ್ಲೊಂದು ಪುಟ್ಟ ಗುಂಪು, ಉಳಿದವೆಲ್ಲ ಚಿಕ್ಕದಾಗಿ, ದುಂಡಗೆ, ಹಾಕಿದ ದಿನ ಹೇಗಿದ್ದವೋ ಹಾಗೇ.

ನಾನೇ ಏನೋ ತಪ್ಪು ಮಾಡಿದ್ದೇನೆ ಅಂತ ಎದೆ ಧಸಕ್ ಎಂದಿತು. ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ನೋಡಿದೆ. ಎರಡೂ ರಕ್ತ ಒಂದೇ ದಿನ ಬಂದದ್ದು, ರಕ್ತಕಣ ಬೇರ್ಪಡಿಸುವ ಫೈಕಾಲ್ ದ್ರವದ ಮೇಲೆ ಒಟ್ಟಿಗೇ ಹಾಕಿ ತಿರುಗಿಸಿದ್ದು, ಸೆಲ್ ಬೆಳೆಸುವ ದ್ರವ (ಮೀಡಿಯಾ) ಒಂದೇ ಬಾಟಲಿಯದು, ಟಿ ಸೆಲ್ ಎಬ್ಬಿಸುವ ಸಿಡಿ3-ಸಿಡಿ28 ಬೀಡ್ ಎರಡಕ್ಕೂ ಅಷ್ಟಷ್ಟೇ, ಬೆಳೆಯಲು ಸೂಚನೆ ಕೊಡುವ ಐಎಲ್-2 ಪ್ರೋಟೀನೂ ಅಷ್ಟಷ್ಟೇ, 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್. ಟ್ರಿಪಾನ್ ಬ್ಲೂ ಹಾಕಿ ಎಣಿಸಿದೆ. ಸತ್ತ ಸೆಲ್ ಮಾತ್ರ ನೀಲಿಯಾಗುತ್ತದೆ, ಆದರೆ ಎರಡರಲ್ಲೂ ನೀಲಿ ತೀರಾ ಕಡಿಮೆ. ಅಂದರೆ ಅವು ಸಾಯುತ್ತಿರಲಿಲ್ಲ, ನಿಧಾನವಾಗಿದ್ದವು ಅಷ್ಟೇ.

ಸೆಲ್‌ಗಳಿಗೆ ಮೊದಲ ದಿನವೇ ಸಿಎಫ್ಎಸ್ಇ ಎಂಬ ಹೊಳೆಯುವ ಬಣ್ಣ ಹಾಕಿದ್ದೆ. ಸೆಲ್ ಒಂದು ಸಲ ಒಡೆದು ಎರಡಾದರೆ ಹೊಳಪೂ ಅರ್ಧವಾಗುತ್ತದೆ, ಹಾಗಾಗಿ ಒಂದೊಂದೇ ಸೆಲ್‌ನ ಹೊಳಪು ಅಳೆಯುವ ಫ್ಲೋ ಸೈಟೋಮೀಟರ್ ಪರದೆಯಲ್ಲಿ ಪ್ರತಿ ತಲೆಮಾರಿಗೂ ಒಂದೊಂದು ಗುಡ್ಡ ಕಾಣಿಸುತ್ತದೆ. ಒಬ್ಬರದ್ದು ಸಾಲಾಗಿ ನಾಲ್ಕು ಗುಡ್ಡ. ಇನ್ನೊಬ್ಬರದ್ದರಲ್ಲಿ ಒಡೆಯದೇ ಉಳಿದ ಮೊದಲ ಗುಡ್ಡವೇ ಎಲ್ಲಕ್ಕಿಂತ ಎತ್ತರ. ಎರಡು ವಾರ ಬಿಟ್ಟು ಅದೇ ಇಬ್ಬರ ಹೊಸ ರಕ್ತದಲ್ಲಿ ಮತ್ತೆ ಮಾಡಿದೆ, ಅದೇ ಚಿತ್ರ!

ಹಾಗಾದರೆ ವ್ಯತ್ಯಾಸ ಇಬ್ಬರ ಜೀನ್‌ಗಳಲ್ಲೇ ಇರಬಹುದೇ? ಒಬ್ಬ ಮನುಷ್ಯನ ಡಿಎನ್ಎ, ಹೋಲಿಕೆಗೆ ಇಟ್ಟುಕೊಂಡ ಮಾದರಿ ಜೀನೋಮ್‌ಗಿಂತ 40ರಿಂದ 50 ಲಕ್ಷ ಜಾಗಗಳಲ್ಲಿ ಬೇರೆ ಇರುತ್ತದೆ. ಅದರಲ್ಲಿ ಬಹಳಷ್ಟು ಸುಮ್ನೆ ಇರುವಂಥವು, ಏನೂ ಮಾಡುವುದಿಲ್ಲ. ಆದರೆ ಐಎಲ್2ಆರ್ಎ ಜೀನ್ ಸುತ್ತಮುತ್ತ ಒಂದಕ್ಷರ ಬೇರೆಯಾದರೂ ಕೆಲವು ಟಿ ಸೆಲ್‌ಗಳ ಮೈಮೇಲೆ, ಆ ಜೀನ್ ತಯಾರಿಸುವ ಸಿಡಿ25 ಪ್ರೋಟೀನ್ ಜಾಸ್ತಿಯೋ ಕಡಿಮೆಯೋ ಆಗಬಹುದು. ಐಎಲ್-2 ಹಿಡಿದುಕೊಳ್ಳುವ ಕೈಯೇ ಅದು. ನಾನು ಇಬ್ಬರಿಗೂ ಒಂದೇ ಅಳತೆ ಹಾಕಿದರೂ ಸೆಲ್‌ಗಳಿಗೆ ಸಿಕ್ಕಿದ್ದು ಒಂದೇ ಅಳತೆ ಅಂತ ಹೇಗೆ ಹೇಳಲಿ, ಅಲ್ವಾ?

ಹಾಗಂತ ಇಬ್ಬರನ್ನು ನೋಡಿ ಇದು ಜೀನ್‌ನದೇ ಕೆಲಸ ಅನ್ನಲಾರೆ. ವಯಸ್ಸು, ಹಿಂದೆ ಬಂದುಹೋದ ಸೋಂಕು, ಹಳೆಯ ಸೋಂಕನ್ನು ನೆನಪಿಟ್ಟ ಮೆಮೊರಿ ಸೆಲ್‌ಗಳ ಪಾಲು, ಇವೂ ವೇಗ ಬದಲಿಸುತ್ತವೆ. ಆದರೂ ಈ ಪ್ರಶ್ನೆ ಬಿಡಲು ಮನಸ್ಸಿಲ್ಲ. ಕಾರ್-ಟಿ ಚಿಕಿತ್ಸೆಯಲ್ಲಿ ಎಷ್ಟೋ ಸಲ ರೋಗಿಯ ಸ್ವಂತ ಟಿ ಸೆಲ್‌ಗಳನ್ನೇ ಕ್ಯಾನ್ಸರ್ ಮೇಲೆ ಬೀಳುವಂತೆ ಬದಲಿಸಿ, ಹೊರಗೆ ಬೆಳೆಸಿ ವಾಪಸ್ ಕೊಡಬೇಕು. ಅವು ಬೆಳೆಯದಿದ್ದರೆ ಕಾಯುತ್ತಿರುವುದು ಕ್ಯಾನ್ಸರ್ ಇರುವ ಒಬ್ಬ ಮನುಷ್ಯ.

ಈಗ ಮೂವತ್ತು ದಾನಿಗಳ ಪಟ್ಟಿ ಮಾಡಿದ್ದೇನೆ. ಪ್ರತಿಯೊಬ್ಬರ ರಕ್ತವನ್ನೂ ಎರಡೆರಡು ಸಲ ತೆಗೆದುಕೊಳ್ಳುತ್ತೇನೆ, ಎಲ್ಲರನ್ನೂ ಸೇರಿಸಿ ಸರಾಸರಿಯ ಒಂದೇ ಕಂಬ ಎಳೆಯುವುದಿಲ್ಲ. ಗ್ರಾಫಿನಲ್ಲಿ ಒಬ್ಬೊಬ್ಬರಿಗೂ ಅವರದೇ ಗೆರೆ ಇರುತ್ತದೆ.