ಹತ್ತೊಂಬತ್ತನೇ ಎಲೆಕ್ಟ್ರಾನ್ ಎಲ್ಲಿಗೆ ಹೋಗುತ್ತದೆ?

ಒಂಬತ್ತನೇ ತರಗತಿಗೆ ಬೋರ್-ಬ್ಯೂರಿ ನಿಯಮ (ಪರಮಾಣುವಿನ ಕವಚಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಹಂಚುವ ನಿಯಮ) ಹೇಳಿಕೊಡುವಾಗ ಆರ್ಗಾನ್‌ವರೆಗೆ ಎಲ್ಲ ಸಲೀಸು. 19 ಎಲೆಕ್ಟ್ರಾನ್‌ಗಳ ಪೊಟ್ಯಾಸಿಯಂ ಬಂದ ಕೂಡಲೇ ಉತ್ತರಪತ್ರಿಕೆಗಳಲ್ಲಿ 2, 8, 8, 1ರ ಬದಲು 2, 8, 9 ಕಾಣಿಸಿಕೊಳ್ಳುತ್ತದೆ. ಮಕ್ಕಳ ತರ್ಕಕ್ಕೆ ಆಧಾರವಿದೆ. ಕವಚದ ಸಂಖ್ಯೆಯ ವರ್ಗವನ್ನು ಎರಡರಿಂದ ಗುಣಿಸಿದರೆ ಮೂರನೇ ಕವಚಕ್ಕೆ 18 ಹಿಡಿಸಬೇಕು, ತುಂಬಿರುವುದು ಎಂಟೇ.

‘ಹೊರಕವಚದಲ್ಲಿ ಎಂಟು ಮೀರಬಾರದು’ ಎಂದು ಬಾಯಿಪಾಠ ಮಾಡಿಸಿದರೆ ಅಂಕ ಬರುತ್ತದೆ, ಅನುಮಾನ ಹೋಗುವುದಿಲ್ಲ. ಅದಕ್ಕಿಂತ ಅಯಾನೀಕರಣ ಶಕ್ತಿಯ (ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯ) ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಪೊಟ್ಯಾಸಿಯಂನ ಮೊದಲ ಎಲೆಕ್ಟ್ರಾನ್ ಕೀಳಲು ಮೋಲ್‌ಗೆ ಸುಮಾರು 419 ಕಿಲೋಜೂಲ್ ಸಾಕು. ಎರಡನೆಯದಕ್ಕೆ ಸುಮಾರು 3050, ಅಂದರೆ ಏಳು ಪಟ್ಟು! ಕ್ಯಾಲ್ಸಿಯಂನಲ್ಲಿ 590, 1145, ಆಮೇಲೆ ಒಮ್ಮೆಲೇ 4912. ಹೊರಗೆ ಒಂದಿದೆಯೋ ಎರಡಿದೆಯೋ ಮಕ್ಕಳೇ ಹೇಳುತ್ತಾರೆ. ಅವರು ಹೇಳುವವರೆಗೆ ಕಾಯಬೇಕು.

ಹೀಗೇಕೆ ಎಂಬುದು ಪಿಯುಸಿಯ ಪಾಠ. 4ಎಸ್ (ನಾಲ್ಕನೇ ಕವಚದ ಎಸ್ ಉಪಕವಚ) ಎಲೆಕ್ಟ್ರಾನ್ ಒಳಗಿನ 18 ಎಲೆಕ್ಟ್ರಾನ್‌ಗಳ ನಡುವೆ ನುಸುಳಿ ನ್ಯೂಕ್ಲಿಯಸ್ ಹತ್ತಿರಕ್ಕೂ ಸುಳಿಯುತ್ತದೆ. 3ಡಿ (ಮೂರನೇ ಕವಚದ ಡಿ ಉಪಕವಚ) ಅಷ್ಟು ನುಸುಳದು, ಅವುಗಳ ಮರೆಯಲ್ಲೇ ಉಳಿಯುತ್ತದೆ, ಸೆಳೆತ ಕಡಿಮೆ. ಹಾಗಾಗಿ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಲ್ಲಿ 4ಎಸ್ ಶಕ್ತಿಯೇ ಕೆಳಗೆ.

ಇಲ್ಲಿಂದ ಇನ್ನೊಂದು ತಪ್ಪು ಹುಟ್ಟುತ್ತದೆ. ಕೊನೆಗೆ ತುಂಬಿದ್ದೇ ಮೊದಲು ಹೊರಬರುತ್ತದೆ ಎಂದುಕೊಂಡು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣಕ್ಕೆ, ಅಂದರೆ ಫೆರಸ್ ಅಯಾನಿಗೆ, 3ಡಿ⁴ 4ಎಸ್² (ಮೇಲಿನ ಅಂಕಿ ಎಲೆಕ್ಟ್ರಾನ್‌ಗಳ ಸಂಖ್ಯೆ) ಬರೆಯುತ್ತಾರೆ. ಸರಿಯಾದದ್ದು 3ಡಿ⁶. ಸ್ಕ್ಯಾಂಡಿಯಂನಿಂದ ಮುಂದೆ ನ್ಯೂಕ್ಲಿಯಸ್‌ನ ಆವೇಶ ಹೆಚ್ಚಿದಂತೆ 3ಡಿ ಒಳಕ್ಕೆ ಬಿಗಿಯುತ್ತದೆ, ಕಳಚಿಕೊಳ್ಳುವುದು 4ಎಸ್. ಕಬ್ಬಿಣವನ್ನು ತುಂಬಿದ ಕ್ರಮದಲ್ಲಲ್ಲ, ಕವಚದ ಕ್ರಮದಲ್ಲಿ (3ಡಿ⁶ 4ಎಸ್²) ಬರೆಯಿಸಿ, ಬಲತುದಿಯಿಂದ ಹೊಡೆದುಹಾಕಿಸಿದರೆ ಈ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ಕ್ರೋಮಿಯಂ (3ಡಿ⁵ 4ಎಸ್¹), ತಾಮ್ರ (3ಡಿ¹⁰ 4ಎಸ್¹) ತುಂಬುವ ಕ್ರಮಕ್ಕೆ ಅಪವಾದಗಳು. ‘ಅರ್ಧ ತುಂಬಿದರೆ ಸ್ಥಿರ’ ಎಂಬುದನ್ನು ಎಲ್ಲ ಕಡೆ ನಡೆಯುವ ನಿಯಮವಾಗಿ ಕಲಿಸುವುದು ನನಗೆ ಒಪ್ಪಿಗೆಯಿಲ್ಲ; ಕ್ರೋಮಿಯಂನ ಗುಂಪಿನದೇ ಟಂಗ್‌ಸ್ಟನ್ 5ಡಿ⁴ 6ಎಸ್² ಆಗಿಯೇ ಇದೆ. ರೋಹಿತದ ಅಧ್ಯಯನದಿಂದ ತಿಳಿದ ಸತ್ಯಗಳು ಇವು ಎಂದು ಹೇಳಿ, 3ಡಿ ತುಂಬುವ ಮೊದಲ ಸಾಲಿನ ಈ ಎರಡನ್ನು ನೆನಪಿಡಿಸಿದರೆ ಸಾಕು.

ಒಳಗಿನ 18 ಎಲೆಕ್ಟ್ರಾನ್‌ಗಳನ್ನೂ ಸೇರಿಸಿ ಪೂರ್ತಿ ಬರೆದ ಮೇಲೆ ಘಾತದಂತೆ ಬರೆದ ಅಂಕಿಗಳನ್ನೆಲ್ಲ ಕೂಡಿಸಲೇಬೇಕು. ಕಬ್ಬಿಣದ 26ರಲ್ಲಿ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಫೆರಿಕ್ ಅಯಾನಿಗೆ ಮೊತ್ತ 23 ಬರಬೇಕು. 26 ಬಂದರೆ ಆವೇಶ ಕಳೆಯುವುದು ಮರೆತಿದೆ, 29 ಬಂದರೆ ಕಳೆಯುವ ಬದಲು ಕೂಡಿಸಿದ್ದಾರೆ.