ಮೂರು ಗೆರೆ, ಅರ್ಧ ಷಡ್ಭುಜ

ಏಳನೇ ತರಗತಿಯ ಆ ಲ್ಯಾಬ್ ಪೀರಿಯಡ್ ಮುಗಿದು ವಾರಗಳಾದವು. ಈಗಲೂ, ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ತೆರೆದಾಗ ಮೊದಲು ನೆನಪಾಗುವುದು ಹದಿನೆಂಟು ಪರದೆಗಳಲ್ಲಿ ಒಂದೇ ತರಹ ಬಿದ್ದಿದ್ದ ಆ ಮೂರು ಗೆರೆಗಳು.

ನನ್ನ ಪಾಠ ನೋಡಲು ಒಬ್ಬರು ಬರುತ್ತಾರೆ, ಅಬ್ಸರ್ವೇಶನ್ ಇದೆ ಅಂತ ಎರಡು ದಿನ ಮೊದಲೇ ಗೊತ್ತಿತ್ತು. ಪಾಠ, ಸ್ಕ್ರ್ಯಾಚ್‌ನ ಬೆಕ್ಕು ನಡೆದ ದಾರಿಯಲ್ಲಿ ಗೆರೆ ಎಳೆಯುವ ಪೆನ್ ಬಳಸಿ ತ್ರಿಭುಜ ಬಿಡಿಸುವುದು. ಆ ತಿಂಗಳಿಡೀ ನಾನು, ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೆಮೂರ್ ಪೇಪರ್ಟ್ 1980ರಲ್ಲಿ ಬರೆದ 'ಮೈಂಡ್‌ಸ್ಟಾರ್ಮ್ಸ್' ಓದುತ್ತಿದ್ದೆ. ಕಂಪ್ಯೂಟರ್ ಮಗುವನ್ನು ನಡೆಸುವುದಲ್ಲ, ಮಗುವೇ ಕಂಪ್ಯೂಟರನ್ನು ನಡೆಸಬೇಕು ಅನ್ನುವ ಅದರ ವಿಚಾರ ತಲೆ ತುಂಬಿಕೊಂಡಿತ್ತು. ಲೆಸನ್ ಪ್ಲಾನ್‌ನಲ್ಲಿ 'ವಿವರಣೆ' ಕಾಲಂ ಹೊಡೆದುಹಾಕಿ 'ಮಕ್ಕಳೇ ಕಂಡುಕೊಳ್ಳುತ್ತಾರೆ' ಅಂತ ಬರೆದೆ.

ಶುರುವಿನಲ್ಲೇ ಎಡವಿದೆ. ನಮ್ಮ ಪಠ್ಯಪುಸ್ತಕದ ಚಿತ್ರಗಳೆಲ್ಲ ಸ್ಕ್ರ್ಯಾಚ್ 2.0ರವು. ರಜೆಯಲ್ಲಿ ಲ್ಯಾಬ್‌ಗೆ 3.0 ಹಾಕಿದ್ದರು. 2019ರಲ್ಲಿ ಬಂದ ಈ ಆವೃತ್ತಿಯಲ್ಲಿ ಪೆನ್ ಬ್ಲಾಕ್‌ಗಳು ಮೊದಲಿನ ಜಾಗದಲ್ಲಿಲ್ಲ, ಕೆಳಗೆ ಎಡಮೂಲೆಯ ಎಕ್ಸ್‌ಟೆನ್ಶನ್ ಬಟನ್ ಒತ್ತಿ ಸೇರಿಸಿಕೊಳ್ಳಬೇಕು. ನನಗದು ಗೊತ್ತಿತ್ತು. ಇದನ್ನೂ ಮಕ್ಕಳೇ ಹುಡುಕಲಿ ಅಂತ ಸುಮ್ಮನಿದ್ದೆ. ಒಂಬತ್ತು ನಿಮಿಷ ಹೋಯಿತು. ಬಟನ್ ಎಲ್ಲಿದೆ ಅನ್ನುವುದು ಯೋಚಿಸಿ ಕಂಡುಕೊಳ್ಳುವ ವಿಷಯವೇ ಅಲ್ಲ, ಯಾರೋ ತಂದಿಟ್ಟ ಜಾಗ ಅದು. ಮೊದಲ ನಿಮಿಷದಲ್ಲೇ ತೋರಿಸಿಬಿಡಬೇಕಿತ್ತು.

ಪುಸ್ತಕ ಬದಲಿಸಿ ಅಂತ ಮೂರು ಸಲ ಬರೆದು ಕೊಟ್ಟಿದ್ದೇನೆ. ಸ್ಟಾಕ್ ಮುಗಿಯಲಿ ಅನ್ನುತ್ತಾರೆ. ಮೆನು ಕಲಿಸುವ ಪುಸ್ತಕ ಮುಂದಿನ ಆವೃತ್ತಿ ಬರುವಷ್ಟರಲ್ಲಿ ಸಾಯುತ್ತದೆ. ಪೇಪರ್ಟ್ ಪುಸ್ತಕದಲ್ಲಿರುವ, ಲೋಗೋ ಪರದೆಯ ಆಮೆಯನ್ನು ನಡೆಸುವ ಆಜ್ಞೆಗಳನ್ನು ನಮ್ಮ ಮಕ್ಕಳು ಯಾರೂ ಟೈಪ್ ಮಾಡುವುದಿಲ್ಲ, ಆದರೂ ಅದರಿಂದ ಇವತ್ತಿಗೂ ಪಾಠ ಮಾಡಬಹುದು. ಖರೀದಿ ಸಮಿತಿಯಲ್ಲಿ ಈ ವ್ಯತ್ಯಾಸ ಕೇಳುವವರಿಲ್ಲ.

ಪೆನ್ ಸಿಕ್ಕಿತು. ಸಮಬಾಹು ತ್ರಿಭುಜದ ಪ್ರತಿ ಕೋನ 60 ಡಿಗ್ರಿ ಅಂತ ಮಕ್ಕಳು ಗಣಿತದಲ್ಲಿ ಕಲಿತಿದ್ದರು. ಎಲ್ಲರೂ ಹಾಕಿದ್ದು ಅದನ್ನೇ: ರಿಪೀಟ್ 3, ಮೂವ್ 100, ಟರ್ನ್ 60. ಬೆಕ್ಕು ಮೂರು ಗೆರೆ ಎಳೆದು ನಿಂತಿತು. ಗೆರೆಗಳು ಕೂಡಲಿಲ್ಲ, ಪಕ್ಕಕ್ಕೆ ವಾಲಿದ ಬಟ್ಟಲಿನ ಹಾಗೆ ಬಾಯಿ ತೆರೆದುಕೊಂಡೇ ಇದ್ದವು. ಷಡ್ಭುಜದ ಅರ್ಧ.

"ಮಿಸ್, 60 ಸರಿ ಅಲ್ವಾ?" ಮೊದಲ ಸಾಲಿನ ಹುಡುಗಿ ಕೇಳಿದಳು.

"ನೀನೇ ನೋಡು" ಅಂದೆ. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು, ನೋಟ್‌ಬುಕ್‌ನಲ್ಲಿದ್ದ ತ್ರಿಭುಜ ನೋಡಿದಳು. ಬಾಯಿ ಬಿಟ್ಟರೆ ಅವಳ ಕಲಿಕೆ ಕೆಡಿಸಿದಂತಾಗುತ್ತದೆ ಅಂತ ನಾನು ಕೈ ಕಟ್ಟಿ ನಿಂತೆ. 61, 70, 90 ಹಾಕುತ್ತಾ ಹೋದರು. ಹಿಂದಿನ ಸಾಲಿನಲ್ಲಿ ಯಾರೋ 120 ಹಾಕಿದರು, ತ್ರಿಭುಜ ಕೂಡಿತು. ಎರಡೇ ನಿಮಿಷದಲ್ಲಿ 120 ಲ್ಯಾಬ್ ತುಂಬಾ ಹರಡಿತು. ನನಗೆ ಸಮಾಧಾನವಾಯಿತು. ಕಂಡುಕೊಂಡರು ಅಂತಲೇ ನಂಬಿದೆ.

ಅಬ್ಸರ್ವರ್ ಎದ್ದು ಬಂದು ಅದೇ ಹುಡುಗಿಯ ಪಕ್ಕ ನಿಂತರು. "120 ಯಾಕಮ್ಮ?"

"ಅದು ಹಾಕಿದ್ರೆ ಬರುತ್ತೆ ಸರ್."

"ಐದು ಬಾಹು ಬೇಕಂದ್ರೆ?"

ಅವಳು ಪಂಚಭುಜದ ಒಳಕೋನ 108 ಹಾಕಿದಳು. ಗೆರೆಗಳು ಒಂದರ ಮೇಲೊಂದು ಹಾದುಹೋದವು. ಲ್ಯಾಬಿನಲ್ಲಿ ಫ್ಯಾನಿನ ಸದ್ದು ಮಾತ್ರ. ಅವಳ ಕಿವಿ ಕೆಂಪಾಗಿತ್ತು. ಬೆಲ್ ಹೊಡೆಯುವ ತನಕ ನಾನೂ ಏನೂ ಹೇಳಲಿಲ್ಲ.

ರಾತ್ರಿ ಪುಸ್ತಕ ತೆಗೆದೆ. ನನ್ನ ಪೆನ್ಸಿಲ್ ಗೆರೆಗಳೆಲ್ಲ ಸ್ವಾತಂತ್ರ್ಯದ ಮಾತಿನ ಕೆಳಗೇ ಇದ್ದವು. ನೀನೇ ಆಮೆಯಾಗು, ನಡೆದು ನೋಡು, ನಿನ್ನ ಮೈ ಏನು ಮಾಡಿತು ಹೇಳು ಅಂತ ಮಗುವಿಗೆ ದಾರಿ ತೋರಿಸುವ ಭಾಗದಲ್ಲಿ ಒಂದು ಗುರುತೂ ಇರಲಿಲ್ಲ. ಯಾವ ನೆರವೂ ಇಲ್ಲದೆ ಮಕ್ಕಳನ್ನು ಬಿಟ್ಟರೆ, ದಾರಿ ತೋರಿಸಿದಾಗ ಕಲಿಯುವಷ್ಟು ಕಲಿಯುವುದಿಲ್ಲ ಅಂತ ಶಿಕ್ಷಣ ಮನೋವಿಜ್ಞಾನಿ ರಿಚರ್ಡ್ ಮೇಯರ್ 2004ರ ಲೇಖನದಲ್ಲಿ ಮೂರು ಉದಾಹರಣೆ ಇಟ್ಟು ವಾದಿಸಿದ್ದಾರೆ. ಮೂರನೆಯದು 1980ರ ದಶಕದ ಲೋಗೋ ತರಗತಿಗಳೇ. ಅದನ್ನೂ ಹಿಂದೆ ಓದಿದ್ದೆ. ಪೇಪರ್ಟ್ ವಿರೋಧಿ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ.

ಮುಂದಿನ ಪೀರಿಯಡ್‌ನಲ್ಲಿ ಮಾನಿಟರ್ ಆಫ್ ಮಾಡಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಬರೆದೆ. ಆ ಹುಡುಗಿಯ ಹತ್ತಿರ ಹೋಗಿ ಮೊದಲು ಹೇಳಿದೆ, ಅವತ್ತು ತಪ್ಪು ನನ್ನದು ಅಂತ. ಅವಳು ಕೈ ನೇರ ಮುಂದೆ ಚಾಚಿ ನಡೆದಳು. ಮೂಲೆಗೆ ಬಂದಾಗ ನಿಲ್ಲಿಸಿ, ಕೈ ಈಗ ಎಲ್ಲಿ ತೋರಿಸುತ್ತಿದೆ, ಎಲ್ಲಿಗೆ ತಿರುಗಬೇಕು ಅಂತ ಕೇಳಿದೆ. ಕೈ ಸುತ್ತಿದ್ದು ಒಳಗಿನ 60 ಅಲ್ಲ, ಹೊರಗಿನ ದೊಡ್ಡ ಕೋನ. ಮೂರು ಮೂಲೆ ಮುಗಿಸಿ ಹೊರಟ ದಿಕ್ಕಿಗೇ ಮುಖ ಮಾಡಿ ನಿಂತಳು. "ಒಂದು ಪೂರ್ತಿ ಸುತ್ತು" ಅಂದರು ಹಿಂದಿನ ಸಾಲಿನವರು. 360ನ್ನು 3ರಿಂದ ಭಾಗಿಸಿದ್ದು ಅವರೇ. ಐದಕ್ಕೆ 72 ಅಂದವಳು ಅವಳೇ.

ಈಗ ಪ್ರೋಗ್ರಾಂ ಓಡಿಸುವ ಹಸಿರು ಬಾವುಟ ಒತ್ತುವ ಮೊದಲು ಏನು ಬರುತ್ತದೆ ಅಂತ ಮಕ್ಕಳ ಕೈಯಲ್ಲೇ ನೋಟ್‌ಬುಕ್‌ನಲ್ಲಿ ಬಿಡಿಸುತ್ತೇನೆ. ಮೊನ್ನೆ ಅವಳು ಕಾರಿಡಾರ್‌ನಲ್ಲಿ ಕೈ ಚಾಚಿಕೊಂಡು ಐದು ಮೊನೆಯ ನಕ್ಷತ್ರ ನಡೆಯುತ್ತಿದ್ದಳು.

"ಮಿಸ್, ಇದರಲ್ಲಿ ಎರಡು ಸುತ್ತು ತಿರುಗ್ತೀನಿ" ಅಂದಳು. 720ನ್ನು ಇನ್ನೂ ಭಾಗಿಸಿರಲಿಲ್ಲ.