ಕಾಲು ತೊಳೆದುಕೊಂಡು ಬನ್ನಿ

ಪವಿತ್ರ ಗುರುವಾರ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ನಾನೂ ಒಬ್ಬಳು ಅಂತ ಗೊತ್ತಾದಾಗ ಮೊದಲು ನೆನಪಾದದ್ದು ನನ್ನ ಒಡೆದ ಹಿಮ್ಮಡಿ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ತಮ್ಮ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಈಸ್ಟರ್‌ಗೆ ಮುಂಚಿನ ಆ ಗುರುವಾರ ಫಾದರ್ ನಮ್ಮಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಬಿಸಿನೀರು, ಉಪ್ಪು, ಉಜ್ಜೋ ಕಲ್ಲು, ವ್ಯಾಸಲೀನ್ ಎಲ್ಲ ಆಯಿತು. ಚರ್ಚಿನಿಂದ ಫೋನ್ ಮಾಡಿದವರೂ "ಕಾಲು ತೊಳ್ಕೊಂಡು ಬನ್ನಿ" ಅಂದಿದ್ದರು. ಹೇಳಿದವರಿಗೂ ನಗು ಬರಲಿಲ್ಲ, ಕೇಳಿದ ನನಗೂ ಬರಲಿಲ್ಲ.

ಬೆಂಗಳೂರಿನ ನಮ್ಮ ಚರ್ಚಿನಲ್ಲಿ ಮೊದಲೆಲ್ಲ ಆ ಕುರ್ಚಿಗಳಲ್ಲಿ ಗಂಡಸರೇ ಕೂರುತ್ತಿದ್ದರು. ನಿಯಮವೇ ಹಾಗಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗಿಯರ ಕಾಲನ್ನೂ ತೊಳೆದರು. ಅವರಲ್ಲೊಬ್ಬಳು ಮುಸ್ಲಿಂ. 2016ರಲ್ಲಿ ನಿಯಮವನ್ನೇ ಬದಲಿಸಿದರು. ಹಾಗಾಗಿ ನನಗೂ ಒಂದು ಕುರ್ಚಿ.

ಸಂಜೆ ಪೂಜೆಯ ಹೊತ್ತಿಗೆ ಹನ್ನೆರಡರಲ್ಲಿ ಒಬ್ಬರು ಬಂದಿರಲಿಲ್ಲ. ಕೊನೆ ಬೆಂಚಿನಲ್ಲಿದ್ದ ಗಾರೆ ಕೆಲಸದವರೊಬ್ಬರನ್ನು ಕರೆತಂದು ನನ್ನ ಪಕ್ಕ ಕೂರಿಸಿದರು. ಕೆಲಸದಿಂದ ಸೀದಾ ಬಂದಿದ್ದರು. ಬೆರಳ ಸಂದಿಯಲ್ಲೆಲ್ಲ ಸಿಮೆಂಟ್. ಪಾದವನ್ನು ಕುರ್ಚಿಯ ಕೆಳಗೆ ಎಳೆದುಕೊಂಡೇ ಕೂತಿದ್ದರು.

ನನ್ನ ಸರದಿ ಬೇಗ ಮುಗಿಯಿತು. ಬಲಗಾಲಿಗೆ ಒಂದಿಷ್ಟು ನೀರು, ಟವೆಲ್ಲು, ಒಂದು ಮುತ್ತು. ತೊಳೆಯೋಕೆ ಅಲ್ಲೇನೂ ಇರಲಿಲ್ಲ ಅಲ್ವಾ! ಅವರು ಮಾತ್ರ ಕಾಲು ಚಾಚಲೇ ಇಲ್ಲ. "ಬೇಡ ಫಾದರ್, ಗಲೀಜಾಗಿದೆ." ಆಗಷ್ಟೇ ಬೈಬಲಿನ ಯೊವಾನ್ನನ ಸುವಾರ್ತೆಯಿಂದ ಯೇಸುವಿನ ಶಿಷ್ಯ ಪೇತ್ರನ ಮಾತು ಓದಿದ್ದರು. ಅವನೂ ನನ್ನ ಕಾಲು ನೀವು ತೊಳೆಯಲೇಬಾರದು ಅಂತ ಹಟ ಹಿಡಿದವನೇ. ತೊಳೆಯದಿದ್ದರೆ ನಿನಗೂ ನನಗೂ ಸಂಬಂಧವೇ ಇಲ್ಲ ಅಂದರು ಯೇಸು. ನಮ್ಮ ಫಾದರ್ ಅಷ್ಟೆಲ್ಲ ಹೇಳಲಿಲ್ಲ. "ಕೊಡಿ ಇಲ್ಲಿ" ಅಂತ ಕಾಲು ಹಿಡಿದೇಬಿಟ್ಟರು. ಹೂಜಿ ಖಾಲಿಯಾಯಿತು, ಹುಡುಗ ಓಡಿಹೋಗಿ ತುಂಬಿಸಿಕೊಂಡು ಬಂದ. ಹೆಬ್ಬೆರಳಿಂದ ಉಜ್ಜಿ ಉಜ್ಜಿ ತೊಳೆದರು. ಸ್ಟೀಲ್ ಬೋಗುಣಿಯಲ್ಲಿ ನೀರು ಬೂದಿ ಬಣ್ಣಕ್ಕೆ ತಿರುಗಿತು. ಗಾಯಕರು ಹಾಡು ಮುಗಿಸಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಆ ಸಂಜೆ ನಿಜಕ್ಕೂ ಕಾಲು ತೊಳೆಸಿಕೊಂಡವರು ಅವರೊಬ್ಬರೇ ಅಂತ ನನಗನಿಸುತ್ತೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಫಾದರ್ ಮುಂದೆ ಪಾಪನಿವೇದನೆಗೆ ನಿಂತಾಗಲೂ ನಮ್ಮದು ಇದೇ ಕತೆ. ಪಾಪಗಳನ್ನೂ ಇಸ್ತ್ರಿ ಮಾಡಿ ಒಯ್ಯುತ್ತೇವೆ. "ಸಿಟ್ಟು ಮಾಡ್ಕೊಂಡೆ ಫಾದರ್, ಸುಳ್ಳು ಹೇಳಿದೆ." ಯಾರ ಮೇಲೆ, ಯಾಕೆ ಅನ್ನೋದು ಬಾಯಿಗೆ ಬರೋದೇ ಇಲ್ಲ. ಆ ದಿನಗಳಲ್ಲೇ ಮತ್ತೆ ಮತ್ತೆ ಹೇಳುವ ಬೈಬಲಿನ 51ನೇ ಕೀರ್ತನೆಯಲ್ಲಿ ರಾಜ ದಾವೀದ ಎಲ್ಲೂ ನಾನೇ ತೊಳ್ಕೊಂಡು ಬಂದೆ ಅನ್ನೋದಿಲ್ಲ. ನನ್ನನ್ನು ತೊಳೆ ಅಂತ ಕೇಳುತ್ತಾನೆ. ಇನ್ನೊಬ್ಬನ ಹೆಂಡತಿ ಬೆತ್ಷೆಬೆಯ ಜೊತೆ ಮಾಡಿದ ತಪ್ಪು ಬಯಲಾದ ಮೇಲೆ, ಮುಚ್ಚಿಡೋಕೆ ಏನೂ ಉಳಿಯದಾಗ. ಯೇಸು ಅಂದು ತಮ್ಮನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನ ಕಾಲನ್ನೂ ತೊಳೆದಿದ್ದರು, ಅವನೇನು ಮಾಡಲಿದ್ದಾನೆ ಅಂತ ಗೊತ್ತಿದ್ದೂ. ಈ ಭಾಗ ಬಂದಾಗ ನನಗೆ ಈಗಲೂ ಕಸಿವಿಸಿ.

ಪೂಜೆ ಮುಗಿದ ಮೇಲೆ ಅತ್ತೆ ಕೇಳಿದ್ದು ಒಂದೇ, "ಬರಬೇಕಾಗಿದ್ದವರು ಯಾಕೆ ಬರಲಿಲ್ಲವಂತೆ?" ಶುಗರ್‌ನಿಂದ ಉಗುರೆಲ್ಲ ಕಪ್ಪಾಗಿದೆಯಂತೆ. ಎಲ್ಲರೆದುರು ಹೇಗೆ ತೋರಿಸೋದು ಅಂತ ಮನೆಯಲ್ಲೇ ಉಳಿದರಂತೆ.